ಹಿಮಮಾರುತದ ನಾಡುಗಳಲ್ಲಿ

ಬೀಳುವಾಗ ಹಿಮವು ಅರಳೆಯಷ್ಟು ಹಗುರ. ಆದರೆ ಬಿರುಗಾಳಿಯೊಡನೆ ಎಡೆಬಿಡದೆ ಸುರಿದರೆ ಅದು ದಾರಿಗಳನ್ನು ಹೂಳುತ್ತದೆ, ಛಾವಣಿಗಳನ್ನು ಮುರಿಯುತ್ತದೆ, ಹೊರಗೆ ಸಿಕ್ಕಿಕೊಂಡವರ ಪ್ರಾಣವನ್ನೂ ಕಳೆಯುತ್ತದೆ. ಎಷ್ಟು ಹಿಮ ಬಿದ್ದರೆ ಅಪಾಯ ಎಂಬ ಪ್ರಶ್ನೆಗೆ ಎಲ್ಲ ಊರುಗಳಿಗೂ ಸಲ್ಲುವ ಉತ್ತರವಿಲ್ಲ.

ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಟ್ಲಾಂಟಾ ನಗರಕ್ಕೆ ಹಿಮ ಅಪರೂಪದ ಅತಿಥಿ. 2014ರ ಜನವರಿ 28ರಂದು ಅಲ್ಲಿ ಬಿದ್ದುದು ಸುಮಾರು ಎರಡೂವರೆ ಅಂಗುಲ ಮಾತ್ರ. ಹಿಮವನ್ನು ಕಂಡೊಡನೆ ಶಾಲೆ, ಕಚೇರಿ, ಅಂಗಡಿಗಳು ಒಮ್ಮೆಗೇ ಬಾಗಿಲು ಹಾಕಿದವು. ಊರಿಗೆ ಊರೇ ರಸ್ತೆಗಿಳಿಯಿತು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಹಿಮದ ರಸ್ತೆಗೆ ಉಪ್ಪು ಚೆಲ್ಲುವುದು ವಾಡಿಕೆ. ಆದರೆ ಉಪ್ಪು ಹೊತ್ತ ವಾಹನಗಳೂ ಆ ದಟ್ಟಣೆಯಲ್ಲಿ ಸಿಲುಕಿದವು. ಚಕ್ರಗಳಡಿ ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಯಿತು. ಸಾವಿರಾರು ಮಕ್ಕಳು ಆ ರಾತ್ರಿಯನ್ನು ಶಾಲೆಯಲ್ಲಿಯೇ ಕಳೆಯಬೇಕಾಯಿತು.

ಜಪಾನಿನ ಪಶ್ಚಿಮ ತೀರದಲ್ಲಿ ಆಳೆತ್ತರದ ಹಿಮವೂ ಅಚ್ಚರಿಯ ಸಂಗತಿಯಲ್ಲ. ಸೈಬೀರಿಯಾದ ಶೀತಗಾಳಿ ಸಮುದ್ರವನ್ನು ದಾಟುವಾಗ ತೇವವನ್ನು ಹೀರಿ, ಬೆಟ್ಟಗಳಿಗೆ ತಾಗಿ, ಅದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ನಾಗಾವೊಕ ನಗರದವರು 1960ರ ದಶಕದಿಂದ ರಸ್ತೆಗಳಲ್ಲಿ ಕೊಳವೆಗಳನ್ನು ಹೂಳಿ, ಅಂತರ್ಜಲವನ್ನು ಚಿಮ್ಮಿಸಿ ಹಿಮವನ್ನು ಕರಗಿಸುತ್ತ ಬಂದಿದ್ದಾರೆ; ನೆಲದಡಿಯ ನೀರು ಚಳಿಗಾಲದಲ್ಲಿಯೂ ಅಷ್ಟು ಬೆಚ್ಚಗಿರುತ್ತದೆ. ಉಪಾಯವೇನೋ ಜಾಣತನದ್ದೇ, ಆದರೆ ನೀರನ್ನು ಅತಿಯಾಗಿ ಮೇಲೆತ್ತಿದ ಕಡೆ ನೆಲವೇ ಕುಸಿದುದೂ ಉಂಟು. ಇದಕ್ಕಿಂತ ಸೊಗಸಾದುದು ತಕಾದ ಪಟ್ಟಣದ ಹಳೆಯ ಪದ್ಧತಿ. ಅಲ್ಲಿ ಪ್ರತಿಯೊಂದು ಮನೆಯವರೂ ಬೀದಿಯ ಕಡೆಗೆ ಸೂರನ್ನು ಚಾಚಿ, ಅದರಡಿಯ ಸ್ವಂತ ಜಾಗವನ್ನು ದಾರಿಹೋಕರಿಗೆ ಬಿಟ್ಟುಕೊಟ್ಟರು. ಸೂರಿಗೆ ಸೂರು ಸೇರಿ ಹಿಮ ತಾಗದ ಕಾಲುದಾರಿಯಾಯಿತು.

ನಮ್ಮ ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಗೆ ‘ಚಿಲ್ಲೈ ಕಲಾನ್’ ಎಂದು ಹೆಸರು. ಬೇಸಗೆಯಲ್ಲಿಯೇ ಗೃಹಿಣಿಯರು ಸೋರೆ, ಬದನೆ, ಟೊಮೇಟೊಗಳನ್ನು ಹೆಚ್ಚಿ ಒಣಗಿಸಿಡುತ್ತಾರೆ. ಬೆತ್ತದಂತಹ ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಕೆಂಡ: ಇದೇ ಕಾಂಗ್ಡಿ. ನಿಲುವಂಗಿಯೊಳಗೆ ಅದನ್ನು ಹಿಡಿದೇ ಜನರು ಓಡಾಡುತ್ತಾರೆ.

ಆದರೆ ಹಿಮಕ್ಕೆ ಪಳಗಿದವರೂ ಸೋಲುವುದುಂಟು. ಅಮೆರಿಕದ ಈರಿ ಸರೋವರದ ದಡದ ಬಫಲೋ ನಗರ ಹಿಮಕ್ಕೇ ಹೆಸರಾದುದು. 2022ರ ಡಿಸೆಂಬರ್ 23ರಂದು ಅಲ್ಲಿ ಹಿಮಮಾರುತ ಎರಗಿತು. ಸಂಚಾರ ನಿಷೇಧದ ಆಜ್ಞೆ ಹೊರಡುವ ವೇಳೆಗೆ ಹಲವರು ಕೆಲಸಕ್ಕೆ ಹೊರಟಾಗಿತ್ತು. ನೆರವಿಗೆ ಧಾವಿಸಿದ ವಾಹನಗಳೇ ಹಿಮದಲ್ಲಿ ಹೂತುಹೋದವು. ನಲವತ್ತಕ್ಕೂ ಹೆಚ್ಚು ಮಂದಿ ಮಡಿದರು. ಕೆಲವರು ಕಾರುಗಳಲ್ಲಿ, ಕೆಲವರು ಶಾಖವಿಲ್ಲದ ಮನೆಗಳಲ್ಲಿ.

ಅದೇ ದಿನ ನಯಾಗರ ಜಲಪಾತವನ್ನು ನೋಡಲು ಹೊರಟಿದ್ದ ದಕ್ಷಿಣ ಕೊರಿಯದ ಪ್ರವಾಸಿಗಳ ವಾಹನ ಬಫಲೋ ಬಳಿ ಹಿಮದಲ್ಲಿ ಸಿಕ್ಕಿಕೊಂಡಿತು. ಅವರು ಸಲಿಕೆ ಕೇಳಲು ಒಂದು ಮನೆಯ ಬಾಗಿಲನ್ನು ತಟ್ಟಿದರು. ಮನೆಯವರು ಮಾರುತದ ಮುನ್ಸೂಚನೆಯನ್ನು ಅರಿತು ಆಹಾರವನ್ನು ತುಂಬಿಟ್ಟುಕೊಂಡಿದ್ದರು. ಸಲಿಕೆಯನ್ನು ಕೊಡುವ ಬದಲು ಅವರನ್ನೆಲ್ಲ ಒಳಗೆ ಕರೆದರು. ಎರಡು ರಾತ್ರಿ ಎಲ್ಲರೂ ಕೂಡಿ ಅಡುಗೆ ಮಾಡಿ ಉಂಡರು.