ಬಸವನಗುಡಿಯ ಮಳೆ ನೀರು ಎಲ್ಲಿಗೆ ಹೋಗುತ್ತೆ? ದಿಣ್ಣೆಯ ಒಂದು ಮಗ್ಗುಲು ಕಾವೇರಿಗೆ, ಇನ್ನೊಂದು ಪಿನಾಕಿನಿಗೆ

ಬೆಂಗಳೂರು: ದೊಡ್ಡ ಬಸವಣ್ಣನ ಗುಡಿ ಪಕ್ಕದ ಬ್ಯೂಗಲ್ ರಾಕ್‌ನಿಂದ ಪಶ್ಚಿಮಕ್ಕೆ ಇಳಿಯುವ ಮಳೆ ನೀರು ಕೊನೆಗೆ ಸೇರೋದು ಕಾವೇರಿಯನ್ನು. ಅಲ್ಲಿಂದ ನಡೆದು ಹೋಗುವಷ್ಟೇ ದೂರದ ಲಾಲ್‌ಬಾಗ್ ಕೆರೆಯ ನೀರಿನ ದಾರಿ ಬೇರೆ: ಬೆಳ್ಳಂದೂರು, ವರ್ತೂರು, ದಕ್ಷಿಣ ಪಿನಾಕಿನಿ, ಆಮೇಲೆ ತಮಿಳುನಾಡು. ಎರಡೂ ಮುಟ್ಟೋದು ಬಂಗಾಳ ಕೊಲ್ಲಿಯನ್ನೇ. ಆದರೆ ಒಂದು ಪೂಂಪುಹಾರ್ ಬಳಿ, ಇನ್ನೊಂದು ಕಡಲೂರಿನ ಹತ್ತಿರ.

ಇದಕ್ಕೆ ಕಾರಣ, ನಗರದ ನಡುವೆ ಉತ್ತರ-ದಕ್ಷಿಣವಾಗಿ ಹಾದು ಹೋಗಿರುವ ಎತ್ತರದ ದಿಣ್ಣೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿಗೆ ಹೊರಗಿನಿಂದ ನದಿ ಹರಿದು ಬರುವ ಮಾತೇ ಇಲ್ಲ; ಇಲ್ಲಿಂದ ಹೊರಡುತ್ತೆ ಅಷ್ಟೇ. ಕೆಂಪೇಗೌಡರ ಕಾಲದವರು ಕೆರೆ ಕಟ್ಟಿದ್ದು ಅದಕ್ಕೇ. ಗವಿಪುರದ ಕೆಂಪಾಂಬುಧಿ ಈಗಲೂ ಉಳಿದಿದೆ. ಧರ್ಮಾಂಬುಧಿ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ!

ಅಡಿಯಲ್ಲಿರೋದು ಗಟ್ಟಿ ಬಂಡೆ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಇಂಥ ಕಲ್ಲಿನ ಮೇಲೆ ಬಿದ್ದ ನೀರು ಇಂಗೋದು ಕಡಿಮೆ, ಇಳಿಜಾರು ಹಿಡಿದು ಓಡೋದೇ ಜಾಸ್ತಿ. ಮೇಲೆ ಕಾಂಕ್ರೀಟ್, ಡಾಂಬರು ಬಿದ್ದ ಮೇಲಂತೂ ಕೇಳಬೇಕಾಗಿಲ್ಲ. ಬಸವನಗುಡಿ, ಚಾಮರಾಜಪೇಟೆಯ ಪಶ್ಚಿಮದ ಬೀದಿಗಳಲ್ಲಿ ಸುರಿದದ್ದು ಕೆಲವೇ ಹೊತ್ತಿನಲ್ಲಿ ವೃಷಭಾವತಿ ಕಾಲುವೆಗೆ ನುಗ್ಗುತ್ತೆ. ಜೋರು ಮಳೆಗೆ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಒಳಕ್ಕೆ ನೀರು ಬಂದಿರೋದು ಹೀಗೇ. ಅತ್ತ ಮಾರ್ಕೆಟ್ ಕಡೆಯ ನೀರು ರಾಜಕಾಲುವೆ ಹಿಡಿದು ಶಾಂತಿನಗರದ ಮೇಲೆ ಬೆಳ್ಳಂದೂರಿಗೆ ಸಾಗುತ್ತೆ.

ವೃಷಭಾವತಿ ಹುಟ್ಟೋದು ಬಸವಣ್ಣನ ಪಾದದಲ್ಲಿ ಅನ್ನೋದು ಬಸವನಗುಡಿಯವರ ನಂಬಿಕೆ. ನದಿಯ ಹೆಸರೂ ಅದನ್ನೇ ಹೇಳುತ್ತೆ. ಮಲ್ಲೇಶ್ವರದವರು ಬಿಟ್ಟುಕೊಡಲ್ಲ, ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥವೇ ಮೂಲ ಅಂತಾರೆ. ಭೂಗೋಳದ ಲೆಕ್ಕದಲ್ಲಿ ಜಗಳ ಬೇಕಿಲ್ಲ. ದಿಣ್ಣೆಯ ಪಶ್ಚಿಮ ಮಗ್ಗುಲಿನ ಹಲವು ತೊರೆಗಳು ಕೂಡಿಯೇ ನದಿಯಾಗಿರೋದು.

ಅಂಗಡಿಯವರು ಗಮನಿಸಬೇಕಾದ್ದು ಒಂದಿದೆ. ಬಾಗಿಲ ಮುಂದೆ ಚಪ್ಪಡಿ ಮುಚ್ಚಿದ ಚರಂಡಿಯೂ ಈ ತೊರೆಗಳಿಗೇ ಸೇರಿದ್ದು. ಅದರೊಳಗೆ ಪ್ಲಾಸ್ಟಿಕ್ ಕವರು, ಕಟ್ಟಡದ ಮಣ್ಣು ಕೂತರೆ ಎತ್ತರದ ಬೀದಿಯವರಿಗೆ ಗೊತ್ತೇ ಆಗಲ್ಲ. ನೀರು ರಸ್ತೆಗೆ ಬಂದು, ಇಳಿಜಾರಿನ ಕೆಳಗಿನ ಅಂಗಡಿಯ ಗೋಡೌನ್‌ಗೆ ಇಳಿಯುತ್ತೆ.

ಇನ್ನು ಕೊಳಚೆ ವಿಚಾರ. ಇಲ್ಲಿ ಮಳೆ ಚರಂಡಿಗೆ ಬಿಟ್ಟದ್ದು ವೃಷಭಾವತಿಯಲ್ಲಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತೆ. ಅಲ್ಲಿಂದ ಕನಕಪುರದ ಕಡೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಬೈರಮಂಗಲದ ಸುತ್ತಲಿನ ರೈತರು ಬೆಳೆಗೆ ಹಾಯಿಸುತ್ತಾ ಬಂದಿರೋದು ಇದೇ ನೀರನ್ನು.