ಕಡಲಪಾಚಿಯ ಲೋಳೆ, ಜಠರದ ಲೋಳೆ

ಜಪಾನಿನ ಓಕಿನಾವಾ ದ್ವೀಪಗಳಲ್ಲಿ ಮೊಜುಕು ಎಂಬ ಕಂದು ಕಡಲಪಾಚಿಯನ್ನು ಆಳವಿಲ್ಲದ ನೀರಿನಲ್ಲಿ ಬಲೆ ಹಾಸಿ ಬೆಳೆಯುತ್ತಾರೆ, ವಿನೆಗರ್ ಬೆರೆಸಿ ತಿನ್ನುತ್ತಾರೆ. ಬಾಯಿಗಿಟ್ಟರೆ ಬಸಳೆಯಂತೆ ಜಾರುತ್ತದೆ. ಆ ಜಾರುವಿಕೆಗೆ ಮುಖ್ಯ ಕಾರಣ ಫ್ಯೂಕಾಯ್ಡನ್. ಇದು ಫ್ಯೂಕೋಸ್ ಎಂಬ ಸಕ್ಕರೆಯ ಕಣಗಳು ಗಂಧಕದ ಗುಂಪುಗಳನ್ನು ಹೊತ್ತು ಹೆಣೆದುಕೊಂಡ ಉದ್ದನೆಯ ಸರಪಳಿ. 1913ರಲ್ಲಿ ಸ್ವೀಡನ್ನಿನ ಕೈಲಿನ್ ಇದನ್ನು ಮೊದಲು ಬೇರ್ಪಡಿಸಿದರು.

ಅದೇ ಫ್ಯೂಕೋಸ್ ನಮ್ಮ ಜಠರದ ಒಳಗೋಡೆಯಲ್ಲೂ ಇದೆ. ಈ ಅಧ್ಯಾಯ ನಿಂತಿರುವುದೇ ಈ ಹೋಲಿಕೆಯ ಮೇಲೆ.

ಹೊಟ್ಟೆಹುಣ್ಣಿಗೆ ಖಾರ, ಚಿಂತೆ, ಹೊತ್ತು ಮೀರಿದ ಊಟವೇ ಕಾರಣವೆಂದು ಬಹುಕಾಲ ನಂಬಿದ್ದೆವು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಬೇರೆಯೇ ಆರೋಪಿಯನ್ನು ಹಿಡಿದರು. ಅದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿ ಬ್ಯಾಕ್ಟೀರಿಯಾ. 1982ರಲ್ಲಿ ಈಸ್ಟರ್ ರಜೆಯಿಂದಾಗಿ ಪ್ರಯೋಗಾಲಯದ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಉಳಿದಿದ್ದರಿಂದ ಅದು ಕೊನೆಗೂ ಬೆಳೆದು ಕಣ್ಣಿಗೆ ಬಿತ್ತು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. ಅಂಥ ಧೈರ್ಯ ವಿಜ್ಞಾನದಲ್ಲಿ ಅಪರೂಪ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಜಠರದ ಆಮ್ಲದಲ್ಲಿ ಈ ಜೀವಿ ಬದುಕುವುದು ಹೇಗೆ? ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲ ಆಮ್ಲವನ್ನು ತಣಿಸಿಕೊಳ್ಳುತ್ತದೆ, ಲೋಳೆಯನ್ನು ಕೊರೆದು ಒಳನುಗ್ಗುತ್ತದೆ. ಆಮೇಲೆ ಅದಕ್ಕೆ ಹಿಡಿತ ಬೇಕು. ಇಲ್ಲದಿದ್ದರೆ ಆಹಾರದೊಂದಿಗೆ, ಸದಾ ಕಳಚಿ ಹೋಗುವ ಲೋಳೆಯೊಂದಿಗೆ ಕೊಚ್ಚಿ ಹೋದೀತು. ಅದರ ಮೈಮೇಲಿನ ಪ್ರೋಟೀನ್ ಕೊಕ್ಕೆಗಳು ಜಠರಗೋಡೆಯ ಫ್ಯೂಕೋಸ್ ಇರುವ ಸಕ್ಕರೆಗಳನ್ನೇ ಹುಡುಕಿ ಕಚ್ಚಿಕೊಳ್ಳುತ್ತವೆ. ಕಡಲಪಾಚಿಯ ಫ್ಯೂಕಾಯ್ಡನ್ ಮೊದಲೇ ಬಂದು ಆ ಕೊಕ್ಕೆಗಳಿಗೆ ಸಿಕ್ಕಿಕೊಂಡರೆ, ಗೋಡೆ ಹಿಡಿಯಲು ಕೊಕ್ಕೆ ಉಳಿಯುವುದಿಲ್ಲ.

ಜಪಾನಿನ ಸಂಶೋಧಕರು ಮೊಜುಕುವಿನ ಫ್ಯೂಕಾಯ್ಡನ್ ಬಳಸಿ ಇದನ್ನು ಪರೀಕ್ಷಿಸಿದರು. ಪ್ರಯೋಗನಳಿಗೆಯಲ್ಲಿ ಬ್ಯಾಕ್ಟೀರಿಯಾ ಅಂಟುವುದು ಕಡಿಮೆಯಾಯಿತು. ಕುಡಿಯುವ ನೀರಿನಲ್ಲಿ ಅದನ್ನು ಬೆರೆಸಿ ಕೊಟ್ಟ ಮಂಗೋಲಿಯದ ಜರ್ಬಿಲ್ ಇಲಿಗಳಲ್ಲಿ ಸೋಂಕೂ ಉರಿಯೂತವೂ ತಗ್ಗಿದವು. ಫಲಿತಾಂಶ 2003ರಲ್ಲಿ ಪ್ರಕಟವಾಯಿತು.

ಈ ದಾರಿ ನನಗೆ ಮುಖ್ಯವಾಗಿ ಕಾಣುವುದಕ್ಕೆ ಕಾರಣವಿದೆ. ಇಂದಿನ ಚಿಕಿತ್ಸೆಯಲ್ಲಿ ಆಮ್ಲ ತಗ್ಗಿಸುವ ಮಾತ್ರೆಯೊಂದಿಗೆ ಎರಡೋ ಮೂರೋ ಔಷಧಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಆದರೆ ಆ ಔಷಧಗಳಲ್ಲೊಂದಾದ ಕ್ಲಾರಿಥ್ರೋಮೈಸಿನ್‌ಗೆ ಈ ಜೀವಿ ಬಗ್ಗದೆ ಹೋಗುವುದು ಹೆಚ್ಚುತ್ತಿದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧ ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಹುಣ್ಣಷ್ಟೇ ಅಲ್ಲ, ಜಠರದ ಕ್ಯಾನ್ಸರಿಗೂ ಇದು ಕಾರಣ.

ಆದರೂ ಇಲಿಯ ಹೊಟ್ಟೆ ಬೇರೆ, ಮನುಷ್ಯನ ಹೊಟ್ಟೆ ಬೇರೆ. ಅಂಟಿಕೊಳ್ಳದಂತೆ ತಡೆಯುವುದಕ್ಕೂ ಆಗಲೇ ಬೇರೂರಿದ ಸೋಂಕನ್ನು ಕಿತ್ತೊಗೆಯುವುದಕ್ಕೂ ಬಹಳ ಅಂತರವಿದೆ. ಫ್ಯೂಕಾಯ್ಡನ್ ಈಗ ಪೂರಕ ಆಹಾರವಾಗಿ ಮಾರಾಟವಾಗುತ್ತದೆ, ಈ ಸೋಂಕಿಗೆ ಒಪ್ಪಿತ ಔಷಧವಲ್ಲ. ಅದಕ್ಕೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣವೂ ಇರುವುದರಿಂದ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಎಚ್ಚರದಿಂದಿರಬೇಕು. ಕೆಲವು ಕಂದು ಪಾಚಿಗಳಲ್ಲಿ ಅಯೋಡಿನ್ ಬಹಳ ಹೆಚ್ಚು, ಥೈರಾಯ್ಡ್ ತೊಂದರೆ ಇರುವವರಿಗೆ ಅದು ಸಲ್ಲದು.

ನಿಮಗೆ ಹೆಲಿಕೋಬ್ಯಾಕ್ಟರ್ ಸೋಂಕಿದೆಯೆಂದು ಪರೀಕ್ಷೆ ತೋರಿಸಿದ್ದರೆ, ನೋವು ನಿಂತಿತೆಂದು ಐದನೇ ದಿನಕ್ಕೆ ಮಾತ್ರೆ ಬಿಡಬೇಡಿ. ವೈದ್ಯರು ಬರೆದಷ್ಟು ದಿನವೂ ನುಂಗಿ. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರಗಳ ಮೇಲೆ, ಸೋಂಕು ಹೋಗಿದೆಯೇ ಎಂದು ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿಕೊಳ್ಳಿ.