ಓಟು ಕೇಳದವರ ಮಾತು

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ನ್ಯೂಸ್ ಚಾನೆಲ್ ನೋಡುವವರಲ್ಲ. ನಾನು ರಾತ್ರಿ ಒಂಬತ್ತಕ್ಕೆ ಟಿವಿಯಲ್ಲಿ ಕೂಗಾಡುವುದು ಅವರಿಗೆ ಅಂಥ ದೊಡ್ಡ ವಿಷಯವೂ ಅಲ್ಲ. ಆದರೆ 2024ರ ಜುಲೈನಲ್ಲಿ ಒಂದು ದಿನ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದವರು ಮೊಬೈಲ್ ಮುಂದೆ ಹಿಡಿದರು. ಸುಧಾ ಮೂರ್ತಿಯವರು ರಾಜ್ಯಸಭೆಯಲ್ಲಿ ಮಾತಾಡಿದ ಒಂದು ತುಣುಕು. 'ಸರ್, ಈ ಅಮ್ಮ ಹೇಳ್ತಾವ್ರಲ್ಲ ಇಂಜೆಕ್ಷನ್ನು, ಅದು ಸರ್ಕಾರಿ ಆಸ್ಪತ್ರೇಲಿ ಕೊಡ್ತಾರಾ?' ಅಂತ ಕೇಳಿದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಆಗ ದೊಡ್ಡವಳಿಗೆ ಹದಿಮೂರು, ಚಿಕ್ಕವಳಿಗೆ ಹತ್ತು.

ಇಲ್ಲ, ಸದ್ಯಕ್ಕೆ ಕೊಡಲ್ಲ ಅಂದೆ. ಅದಕ್ಕೆ ಅವರು ಕೇಳಿದ ಇನ್ನೊಂದು ಪ್ರಶ್ನೆಯೇ ಇವತ್ತಿನ ಈ ಮಾತಿಗೆ ಕಾರಣ. 'ಮತ್ತೆ ಅಲ್ಲಿ ಹೋಗಿ ಹೇಳಿದ್ರೆ ಏನಾಯ್ತು?'

ನೋಡಿ, ಅವರು ಕೇಳಿದ್ದು ಸರಿಯಾಗೇ ಇದೆ. ಒಬ್ಬ ಸದಸ್ಯರು ಎದ್ದು ನಿಂತು ಮಾತಾಡುತ್ತಾರೆ. ಮೇಜು ಕುಟ್ಟುತ್ತಾರೆ. ಸಂಜೆಗೆ ನಮ್ಮಂಥವರು ಅದನ್ನು ನಾಲ್ಕು ಸಲ ತೋರಿಸುತ್ತೇವೆ. ಆಮೇಲೆ ಆ ಮಾತು ಎಲ್ಲಿಗೆ ಹೋಗುತ್ತೆ?

ಮೊದಲು ಆ ಮಾತು ಏನು ಅಂತ ನೋಡೋಣ. ಸುಧಾ ಮೂರ್ತಿ ನಮ್ಮ ಜಯನಗರದವರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವರು. (ನಾನೂ ಬಿಇ ಮಾಡಿದವನೇ. ಆದರೆ ಆ ಡಿಗ್ರಿಯಿಂದ ನಾಡಿಗೆ ಆದ ಉಪಯೋಗದ ವಿಷಯ ಬಂದರೆ ನಾನು ಸುಮ್ಮನಿರುವುದೇ ಒಳ್ಳೆಯದು.) 2024ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಅವರನ್ನು ರಾಜ್ಯಸಭೆಗೆ ನಾಮನಿರ್ದೇಶನ ಮಾಡಿದರು. ಜುಲೈ 2ರ ಮಂಗಳವಾರ, ರಾಷ್ಟ್ರಪತಿ ಭಾಷಣದ ವಂದನಾ ನಿರ್ಣಯದ ಚರ್ಚೆಯಲ್ಲಿ ಅವರ ಮೊದಲ ಭಾಷಣ. ಎರಡೇ ವಿಷಯ ಎತ್ತಿಕೊಂಡರು. ಒಂದು, ಶ್ರವಣಬೆಳಗೊಳದ ಬಾಹುಬಲಿಯಿಂದ ಹಿಡಿದು ತ್ರಿಪುರಾದ ಉನಕೋಟಿ ತನಕ ನಮ್ಮ ದೇಶದ 57 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲು ಪ್ರಯತ್ನ ಆಗಬೇಕು ಅನ್ನೋದು. ಎರಡು, ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಸರ್ಕಾರವೇ ಹಾಕಿಸಬೇಕು ಅನ್ನೋದು. ಆಗ 1,400 ರೂಪಾಯಿ ಇದ್ದುದನ್ನು ಸರ್ಕಾರ ಕೂತು ಚೌಕಾಸಿ ಮಾಡಿದರೆ 700-800ಕ್ಕೆ ಇಳಿಸಬಹುದು ಅಂತ ಲೆಕ್ಕವನ್ನೂ ಕೊಟ್ಟರು. ಡಾಕ್ಟರಾಗಿದ್ದ ಅವರ ತಂದೆ ಹೇಳುತ್ತಿದ್ದ ಮಾತನ್ನೂ ನೆನಪಿಸಿಕೊಂಡರು. ತಾಯಿ ಸತ್ತರೆ ಆಸ್ಪತ್ರೆಯ ಲೆಕ್ಕದಲ್ಲಿ ಅದು ಒಂದು ಸಾವು, ಆದರೆ ಮಕ್ಕಳಿಗೆ ಇನ್ನೊಬ್ಬ ತಾಯಿ ಸಿಗಲ್ಲ ಅನ್ನೋ ಅರ್ಥದ ಮಾತು. ಮರುದಿನ ಉತ್ತರ ಕೊಡುವಾಗ ಪ್ರಧಾನಿಯವರು ಅವರಿಗೆ ಧನ್ಯವಾದ ಹೇಳಿದರು.

ಈ ರೋಗ ಎಷ್ಟು ದೊಡ್ಡದು ಗೊತ್ತಾ? ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ 2022ರ ಒಂದೇ ವರ್ಷ ಭಾರತದಲ್ಲಿ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ಬಿಟಿಎಂ ಕಡೆಯಿಂದ ಬಂದು ಡೇರಿ ಸರ್ಕಲ್ ದಾಟಿದರೆ ಕಿದ್ವಾಯಿ ಆಸ್ಪತ್ರೆ. ಬೆಳಿಗ್ಗೆ ಅಲ್ಲಿ ಹೋಗಿ ನಿಂತರೆ ಈ ಅಂಕಿ ಅಂಶಕ್ಕೆಲ್ಲ ಮುಖ ಕಾಣುತ್ತೆ. ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಲ್ಲಿ ಬಂದು ಫೈಲು ಎದೆಗವಚಿಕೊಂಡು ಕೂತಿರುವ ಹೆಂಗಸರು.

ಬಹುತೇಕ ಈ ಕ್ಯಾನ್ಸರ್‌ಗೆಲ್ಲ ಕಾರಣ ಎಚ್‌ಪಿವಿ ಅನ್ನೋ ವೈರಸ್. ದೈಹಿಕ ಸಂಪರ್ಕದಿಂದ ಬರುತ್ತೆ. ಬಹಳ ಜನರಲ್ಲಿ ತಾನಾಗೇ ಹೋಗುತ್ತೆ. ಕೆಲವರಲ್ಲಿ ಉಳಿದುಕೊಂಡು ಕ್ಯಾನ್ಸರ್ ಆಗುವುದಕ್ಕೆ ಹದಿನೈದು ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತೆ. ಅದಕ್ಕೇ ವೈರಸ್ ತಗಲುವ ಮೊದಲೇ, ಅಂದರೆ ಚಿಕ್ಕ ವಯಸ್ಸಲ್ಲೇ ಲಸಿಕೆ ಹಾಕಿಸಬೇಕು. ಈ ಕಾಲದ ಲೆಕ್ಕವನ್ನು ಸ್ವಲ್ಪ ತಲೆಯಲ್ಲಿ ಇಟ್ಟುಕೊಳ್ಳಿ. ಇವತ್ತು ಸರ್ಕಾರ ದುಡ್ಡು ಹಾಕಿದರೆ ಫಲ ಕಾಣುವುದು 2040ರ ಮೇಲೆ. ಐದು ವರ್ಷಕ್ಕೊಮ್ಮೆ ನಿಮ್ಮ ಮನೆ ಬಾಗಿಲಿಗೆ ಬರಬೇಕಾದ ಎಂಪಿ ಇದನ್ನು ಯಾಕೆ ಎತ್ತಬೇಕು? ರಸ್ತೆಗೆ ಡಾಂಬರು ಹಾಕಿದರೆ ಮರುದಿನವೇ ಕಾಣುತ್ತೆ. ಆಗದೇ ಹೋದ ಕ್ಯಾನ್ಸರನ್ನು ಯಾರಿಗೆ ತೋರಿಸಿ ಓಟು ಕೇಳೋದು?

ಓಟು ಕೇಳದವರಿಗೂ ನಮ್ಮ ಸಂವಿಧಾನ ಒಂದಿಷ್ಟು ಕುರ್ಚಿ ಇಟ್ಟಿರುವುದು ಇಂಥ ಮಾತಿಗೆ ಅನ್ನೋದು ನನ್ನ ಅಭಿಪ್ರಾಯ. 80ನೇ ವಿಧಿ ಪ್ರಕಾರ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜ ಸೇವೆಯಲ್ಲಿ ತಿಳಿದವರು ಹನ್ನೆರಡು ಜನ. ಈ ಐಡಿಯಾ ನಮಗೆ ಬಂದದ್ದು ಐರ್ಲೆಂಡ್‌ನಿಂದ. ಅವರ 1937ರ ಸಂವಿಧಾನದಲ್ಲಿ ಸೆನೆಟ್‌ಗೆ 60 ಸದಸ್ಯರು. ಅದರಲ್ಲಿ 11 ಜನರನ್ನು ಪ್ರಧಾನಿ ನೇಮಿಸುತ್ತಾರೆ, ಆರು ಜನರನ್ನು ವಿಶ್ವವಿದ್ಯಾಲಯಗಳ ಪದವೀಧರರು ಆರಿಸುತ್ತಾರೆ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನ ಬೆನಗಲ್ ನರಸಿಂಗ ರಾವ್. ಅವರು 1947ರ ಕೊನೆಯಲ್ಲಿ ಬೇರೆ ಬೇರೆ ದೇಶಗಳ ಸಂವಿಧಾನ ನೋಡಿಕೊಂಡು ಬರಲು ಹೋದಾಗ ಡಬ್ಲಿನ್‌ಗೂ ಹೋಗಿದ್ದರು.

ಈ ಕುರ್ಚಿಗಳ ಚರಿತ್ರೆ ಏನೂ ಅಂಥ ಬೆಳ್ಳಗಿಲ್ಲ. ಬರದೇ ಇದ್ದವರಿದ್ದಾರೆ, ಬಂದರೂ ಬಾಯಿ ಬಿಡದವರಿದ್ದಾರೆ. ಸಚಿನ್ ತೆಂಡೂಲ್ಕರ್ ಹಾಜರಾತಿಯನ್ನು ನಾವೇ ಎಷ್ಟು ಸಲ ಗ್ರಾಫಿಕ್ಸ್ ಮಾಡಿ ತೋರಿಸಿಲ್ಲ! ಆದರೆ ನಾವು ಅಷ್ಟು ತೋರಿಸದ ವಿಷಯ ಒಂದಿದೆ. 2017ರ ಡಿಸೆಂಬರ್ 21ರಂದು ಅವರು ಮಕ್ಕಳ ಆಟದ ಹಕ್ಕಿನ ಬಗ್ಗೆ ಮಾತಾಡಲು ಎದ್ದು ನಿಂತರು. ಗಲಾಟೆಯಲ್ಲಿ ಸದನ ಮಾತಾಡಲು ಬಿಡಲೇ ಇಲ್ಲ. ಮರುದಿನ ಆ ಭಾಷಣವನ್ನು ಅವರು ಫೇಸ್‌ಬುಕ್‌ಗೆ ಹಾಕಿದರು.

ಈಗ ಮೈಸೂರಿಗೆ ಬನ್ನಿ. ಆರ್.ಕೆ. ನಾರಾಯಣ್. 'ಮಾಲ್ಗುಡಿ ಡೇಸ್' ಅಂದರೆ ಶಂಕರ್ ನಾಗ್ ನೆನಪಾಗುತ್ತಾರೆ, ಸರಿ. ಆದರೆ ಅದನ್ನು ಬರೆದವರು 1986ರಿಂದ ಆರು ವರ್ಷ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1989ರಲ್ಲಿ ಅವರು ಮಾಡಿದ ಮೊದಲ ಭಾಷಣಕ್ಕೆ ವಸ್ತು ಯಾವುದು? ಸ್ಕೂಲ್ ಬ್ಯಾಗು. ಕಾಶ್ಮೀರ ಅಲ್ಲ, ಬೊಫೋರ್ಸ್ ಅಲ್ಲ, ಸ್ಕೂಲ್ ಬ್ಯಾಗು. ದಿನಾ ಅಷ್ಟು ಭಾರ ಹೊತ್ತು ಮಕ್ಕಳು ಗೂನು ಬೆನ್ನಿನವರಾಗುತ್ತಿದ್ದಾರೆ, ಈ ಬ್ಯಾಗು ಹೊರಿಸುವ ಪದ್ಧತಿಯನ್ನೇ ತೆಗೆದುಹಾಕಿ ಅಂತ ಸರ್ಕಾರವನ್ನು ಕೇಳಿದರು. ಎಂಬತ್ತು ದಾಟಿದ ಹಿರಿಯರು, ಜೀವಮಾನವಿಡೀ ಮಕ್ಕಳ ಲೋಕದ ಕಥೆ ಬರೆದವರು, ದೇಶದ ಮೇಲ್ಮನೆಯಲ್ಲಿ ನಿಂತು ಮಕ್ಕಳ ಬೆನ್ನಿನ ವಿಷಯ ಮಾತಾಡಿದರು.

ಆ ಮಾತು ವ್ಯರ್ಥವಾಯಿತಾ? ಇಲ್ಲ. ಆ ಭಾಷಣ ದೊಡ್ಡ ಚರ್ಚೆಗೆ ದಾರಿ ಮಾಡಿತು. 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶ್‌ಪಾಲ್ ನೇತೃತ್ವದಲ್ಲಿ ಸಮಿತಿ ಮಾಡಿತು, 1993ರಲ್ಲಿ ಅದು 'ಹೊರೆಯಿಲ್ಲದ ಕಲಿಕೆ' ಅನ್ನೋ ಅರ್ಥದ ಹೆಸರಿನ ವರದಿ ಕೊಟ್ಟಿತು. ಬ್ಯಾಗಿನ ಭಾರಕ್ಕಿಂತ ದೊಡ್ಡ ಭಾರ ಅಂದರೆ ಅರ್ಥವಾಗದೆ ಉರು ಹೊಡೆಯುವುದು ಅಂತ ಹೇಳಿತು. ಆಮೇಲೆ 2006ರಲ್ಲಿ ಬ್ಯಾಗಿನ ತೂಕಕ್ಕೆ ಮಿತಿ ಹಾಕುವ ಮಸೂದೆ ಇದೇ ರಾಜ್ಯಸಭೆಗೆ ಬಂತು. ಅದನ್ನು ಕಾಯ್ದೆ ಅಂತಲೇ ಬಹಳ ಕಡೆ ಬರೆಯುತ್ತಾರೆ. ಅದು ಪಾಸೇ ಆಗಲಿಲ್ಲ. 2019ರಲ್ಲಿ ನಮ್ಮ ರಾಜ್ಯ ಸುತ್ತೋಲೆ ಹೊರಡಿಸಿತು. 2020ರಲ್ಲಿ ಕೇಂದ್ರ ಸ್ಕೂಲ್ ಬ್ಯಾಗ್ ನೀತಿ ತಂದಿತು. 2023ರಲ್ಲಿ ನಮ್ಮ ರಾಜ್ಯ ಮತ್ತೊಂದು ಸುತ್ತೋಲೆ ಹೊರಡಿಸಿತು. ಒಂದು ಎರಡನೇ ಕ್ಲಾಸಿಗೆ ಒಂದೂವರೆಯಿಂದ ಎರಡು ಕೆಜಿ, ಮೂರರಿಂದ ಐದಕ್ಕೆ ಎರಡರಿಂದ ಮೂರು, ವಾರಕ್ಕೊಂದು ದಿನ ಬ್ಯಾಗೇ ಬೇಡ. 2024ರಲ್ಲಿ ರಾಜ್ಯ ಪಠ್ಯಕ್ರಮದ ಪುಸ್ತಕಗಳನ್ನು ಎರಡು ಭಾಗ ಮಾಡಿ ಅಚ್ಚು ಹಾಕಿದರು.

ಆಯ್ತಲ್ಲ? ಮೂವತ್ತೈದು ವರ್ಷ. ನಾನು ಇಂಜಿನಿಯರ್ ಬುದ್ಧಿ ಬಿಡದೆ, ಮೇಲಿನ ಮನೆಯ ನಾಲ್ಕನೇ ಕ್ಲಾಸ್ ಹುಡುಗಿಯ ಬ್ಯಾಗನ್ನು ಏರ್‌ಪೋರ್ಟಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ತಕ್ಕಡಿಗೆ ಸಿಕ್ಕಿಸಿದೆ. 5 ಕೆಜಿ 600 ಗ್ರಾಂ. ನೀರಿನ ಬಾಟಲಿ ಬೇರೆ. ಮೂರು ಕೆಜಿ ಮೀರುವಂತಿಲ್ಲ ಅನ್ನೋ ಸುತ್ತೋಲೆ ಇರುವ ಊರಲ್ಲಿ.

ಅಂದರೆ ಮಾತು ವಿಧಾನಸೌಧದ ತನಕ ಬಂತು, ಬೆನ್ನಿನ ತನಕ ಬರಲಿಲ್ಲ. ಯಾಕೆ? ನನಗೆ ಕಾಣುವ ಕಾರಣ ಇದು. ಓಟಿನ ಹಂಗಿಲ್ಲದವರು ಇಪ್ಪತ್ತು ವರ್ಷದ ಮುಂದಿನ ವಿಷಯ ಧೈರ್ಯವಾಗಿ ಎತ್ತಬಹುದು. ಆದರೆ ಓಟೇ ಇಲ್ಲದ ಮೇಲೆ ಅವರ ಮಾತನ್ನು ಹಿಡಿದು 'ಏನಾಯ್ತು ಸ್ವಾಮಿ?' ಅಂತ ಮತ್ತೆ ಕೇಳುವ ಕ್ಷೇತ್ರವೂ ಇರಲ್ಲ. ಆರು ವರ್ಷಕ್ಕೆ ಅವರು ಮನೆಗೆ ಹೋಗುತ್ತಾರೆ. ಮಾತು ಕಡತದಲ್ಲಿ ಉಳಿಯುತ್ತೆ.

ಭಾಷಣ ಒಂದೇ ಅವರ ಕೈಯಲ್ಲಿರುವ ಆಯುಧವೂ ಅಲ್ಲ. ವಂದನಾ ನಿರ್ಣಯದ ಭಾಷಣಕ್ಕೆ ಸಂಬಂಧಪಟ್ಟ ಇಲಾಖೆ ಬಿಡಿಬಿಡಿಯಾಗಿ ಉತ್ತರ ಕೊಡಬೇಕಾಗಿಲ್ಲ. ಅದೇ ವಿಷಯವನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿದರೆ, ಆ ಪ್ರಶ್ನೆಯ ಸರದಿ ಬಂದಾಗ ಸಚಿವರು ಎದ್ದು ನಿಂತು ಬಾಯಲ್ಲೇ ಉತ್ತರಿಸಬೇಕು. ಉಪಪ್ರಶ್ನೆಗೂ ತಯಾರಾಗಿರಬೇಕು. ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರ ಮಸೂದೆಗೆ ಅಂತ ಸಮಯ ಇದೆ. ಇದರಲ್ಲಿ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಸ್ವಾತಂತ್ರ್ಯ ಬಂದಾಗಿನಿಂದ ಇಂಥ ಹದಿನಾಲ್ಕು ಮಸೂದೆ ಮಾತ್ರ ಕಾಯ್ದೆ ಆಗಿವೆ, ಕೊನೆಯದು ಆಗಿದ್ದು 1970ರಲ್ಲಿ. ಆದರೆ ಪಾಸಾಗದಿದ್ದರೂ ಕೆಲಸ ಆಗುವುದುಂಟು. ತಿರುಚಿ ಶಿವಾ ಅವರ ಲಿಂಗತ್ವ ಅಲ್ಪಸಂಖ್ಯಾತರ ಮಸೂದೆ 2015ರಲ್ಲಿ ರಾಜ್ಯಸಭೆಯಲ್ಲಿ ಪಾಸಾಯಿತು. ಮುಂದೆ 2019ರಲ್ಲಿ ಸರ್ಕಾರ ತನ್ನದೇ ಕಾಯ್ದೆ ತಂದಿತು. ಅದರ ವಿಷಯದಲ್ಲಿ ತಕರಾರು ಬೇಕಾದಷ್ಟಿದೆ, ಅದು ಬೇರೆ ದಿನದ ಮಾತು.

ನಾವು ನಕಲು ಮಾಡಿದ ಮೂಲದವರು ಹೇಗೆ ನಡೆಸುತ್ತಾರೆ? 2012ರಲ್ಲಿ ಐರ್ಲೆಂಡ್ ಸೆನೆಟ್‌ನ ಮೂವರು ಒಂದು ಮಸೂದೆ ತಂದರು. ಜಾನ್ ಕ್ರೌನ್ ಕ್ಯಾನ್ಸರ್ ಡಾಕ್ಟರ್, ಪದವೀಧರರ ಓಟಿನಿಂದ ಬಂದವರು. ಜಿಲಿಯನ್ ವ್ಯಾನ್ ಟರ್ನ್‌ಹೌಟ್ ಮಕ್ಕಳ ಹಕ್ಕುಗಳಿಗೆ ಕೆಲಸ ಮಾಡಿದವರು, ಪ್ರಧಾನಿ ನೇಮಿಸಿದ ಸದಸ್ಯೆ. ಮಾರ್ಕ್ ಡೇಲಿ ವಿರೋಧ ಪಕ್ಷದವರು. ಮಕ್ಕಳು ಕೂತಿರುವ ಕಾರಿನಲ್ಲಿ ಸಿಗರೇಟ್ ಸೇದಬಾರದು, ಇಷ್ಟೇ ವಿಷಯ. 2014ರ ಕೊನೆಗೆ ಅದು ಕಾಯ್ದೆ ಆಯಿತು, 2016ರ ಜನವರಿ 1ರಿಂದ ಜಾರಿಗೆ ಬಂತು. ನಾಲ್ಕು ವರ್ಷವೂ ಆಗಿರಲಿಲ್ಲ. ತಮಾಷೆ ಅಂದರೆ, ಈ ನಡುವೆ 2013ರ ಅಕ್ಟೋಬರ್‌ನಲ್ಲಿ 'ಈ ಸೆನೆಟ್ ದಂಡ, ಮುಚ್ಚಿಬಿಡೋಣ' ಅಂತ ಅಲ್ಲಿನ ಸರ್ಕಾರವೇ ಜನರ ಮುಂದೆ ಹೋಗಿತ್ತು. ಜನ ಸಣ್ಣ ಅಂತರದಲ್ಲಿ ಬೇಡ ಅಂದರು, ಸೆನೆಟ್ ಉಳಿಯಿತು. ನಮ್ಮಲ್ಲೂ ವಿಧಾನ ಪರಿಷತ್ ಯಾಕೆ ಬೇಕು ಅಂತ ಆಗಾಗ ಕೇಳುವವರಿದ್ದಾರಲ್ಲ, ಹಾಗೆ.

ಪರಿಷತ್ತಿನ ಮಾತು ಬಂತು, ಒಂದು ತಪ್ಪೊಪ್ಪಿಗೆ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರದ್ದು. 2024ರ ಜೂನ್ 3ಕ್ಕೆ ಬೆಂಗಳೂರು ಪದವೀಧರ ಕ್ಷೇತ್ರಕ್ಕೂ ಚುನಾವಣೆ ಆಯಿತು. ಡಿಗ್ರಿ ಮುಗಿದು ಮೂರು ವರ್ಷ ಆಗಿದ್ದರೆ ಸಾಕು. ಆದರೆ ಪ್ರತಿ ಚುನಾವಣೆಗೂ ಹೊಸದಾಗಿ ಅರ್ಜಿ ಕೊಟ್ಟು ಪಟ್ಟಿಗೆ ಸೇರಬೇಕು. ಆ ಚುನಾವಣೆಯ ವಿಶ್ಲೇಷಣೆಯನ್ನು ನಾನು ಸ್ಟುಡಿಯೋದಲ್ಲಿ ಎರಡು ಗಂಟೆ ಮಾಡಿದೆ. ನಾನು ಅರ್ಜಿ ಕೊಟ್ಟಿರಲಿಲ್ಲ. ಬನಶಂಕರಿ, ಜೆ.ಪಿ. ನಗರದಲ್ಲಿ ಕಲ್ಲು ಎಸೆದರೆ ಇಂಜಿನಿಯರ್ ಮೇಲೆ ಬೀಳುತ್ತೆ ಅಂತಾರೆ. ಅವರಲ್ಲಿ ಎಷ್ಟು ಜನ ಕೊಟ್ಟಿದ್ದರೋ!

ಲಸಿಕೆಗೆ ವಾಪಸ್ ಬರೋಣ. ಸುಧಾ ಮೂರ್ತಿಯವರು ಹೇಳುವ ಮೊದಲು ಯಾರಿಗೂ ಇದು ಗೊತ್ತಿರಲಿಲ್ಲ ಅಂತ ಅಂದುಕೊಳ್ಳಬೇಡಿ. ಕೇಂದ್ರಕ್ಕೆ ಲಸಿಕೆಗಳ ಬಗ್ಗೆ ಸಲಹೆ ಕೊಡುವ ತಜ್ಞರ ಸಮಿತಿ 2022ರಲ್ಲೇ ಇದನ್ನು ಸಾರ್ವತ್ರಿಕ ಲಸಿಕೆ ಕಾರ್ಯಕ್ರಮಕ್ಕೆ ಸೇರಿಸಿ ಅಂದಿತ್ತು. ಮೊದಲು ಒಂಬತ್ತರಿಂದ ಹದಿನಾಲ್ಕರ ಎಲ್ಲ ಹುಡುಗಿಯರಿಗೆ ಒಂದು ಸುತ್ತು, ಆಮೇಲೆ ಪ್ರತಿ ವರ್ಷ ಒಂಬತ್ತು ತುಂಬಿದವರಿಗೆ. ಪುಣೆಯ ಸೀರಂ ಸಂಸ್ಥೆಯ ಸ್ವದೇಶಿ ಲಸಿಕೆ 2023ರ ಜನವರಿಯಲ್ಲಿ ಬಿಡುಗಡೆ ಆಯಿತು. ಸಿಕ್ಕಿಂ ಅನ್ನೋ ಪುಟ್ಟ ರಾಜ್ಯ 2018ರಲ್ಲೇ ಶಾಲೆ ಶಾಲೆಗೆ ಹೋಗಿ ಹಾಕಿ ತೋರಿಸಿದೆ. 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್‌ನಲ್ಲಿ, ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಅವರು ಇದೇ ವಯಸ್ಸಿನ ಹುಡುಗಿಯರ ಲಸಿಕೆಗೆ ಪ್ರೋತ್ಸಾಹ ಕೊಡುತ್ತೇವೆ ಅಂದರು. 'ಪ್ರೋತ್ಸಾಹ' ಅನ್ನೋ ಪದ ಗಮನಿಸಿ. ಹಾಕಿಸುತ್ತೇವೆ ಅಂತ ಅಲ್ಲ. ಆ ಎರಡು ಪದದ ನಡುವೆ ಇರುವ ಜಾಗದಲ್ಲಿ ನಿಂತು ಸುಧಾ ಮೂರ್ತಿ ಮಾತಾಡಿದ್ದು.

2024ರ ಜುಲೈನಲ್ಲಿ ಪೂರ್ಣ ಬಜೆಟ್ ಬರುವುದಿತ್ತು. ಅದರಲ್ಲಿ ಲಸಿಕೆಗೆ ಅಂತ ಹಣ ಇಟ್ಟಿದ್ದಾರಾ ಅಂತ ನಾನು ಪುಟ ತಿರುವಿ ಹುಡುಕುತ್ತೇನೆ, ಸಿಕ್ಕರೂ ಸಿಗದಿದ್ದರೂ ಇದೇ ಕುರ್ಚಿಯಲ್ಲಿ ಕೂತು ಹೇಳುತ್ತೇನೆ ಅಂದುಕೊಂಡೆ. ನಮ್ಮ ಮನೆಯ ಅಕ್ಕನಿಗೂ ಅಷ್ಟೇ ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಇಬ್ಬರಿಗೂ ಸೇರಿ ಡೋಸಿಗೆ 2,800 ಅಂದರೆ ಎಷ್ಟು ಮನೆಯ ಎಷ್ಟು ದಿನದ ಕೆಲಸ ಅಂತ. ಆಮೇಲೆ, 'ಸರ್, ಹದಿನಾಲ್ಕರ ತನಕ ಅಂದ್ರಲ್ಲ, ದೊಡ್ಡೋಳಿಗೆ ಬರೋ ಕಾರ್ತೀಕಕ್ಕೆ ಹದಿನಾಲ್ಕು ತುಂಬುತ್ತೆ' ಅಂದರು.